ಔಷಧದ ಕಪಾಟಿನಿಂದ ಊಟದ ಮೇಜಿಗೆ: ಷೆರ್ರಿಯ ಕಥೆ

1986ರ ಚಳಿಗಾಲ. ಇಂಗ್ಲೆಂಡಿಗೆ ಬಂದು ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ. ವಯೋವೃದ್ಧರ ವಾರ್ಡೊಂದರಲ್ಲಿ ನನಗೆ ಮೊದಲ ಕೆಲಸ ಸಿಕ್ಕಿತ್ತು. ಬೆಳಗಿನ ರೌಂಡ್ಸ್ ಮುಗಿಸಿ ರೋಗಿಗಳ ಔಷಧ ಪಟ್ಟಿಗಳನ್ನು ಒಂದೊಂದಾಗಿ ತಿರುವಿಹಾಕುತ್ತಿದ್ದೆ. ಡಿಗಾಕ್ಸಿನ್, ಫ್ರೂಸೆಮೈಡ್, ಕಬ್ಬಿಣದ ಮಾತ್ರೆ. ಅವುಗಳ ಕೆಳಗೆ ಹಿರಿಯ ವೈದ್ಯರ ಅಕ್ಷರದಲ್ಲಿ ಇನ್ನೊಂದು ಸಾಲು: ಷೆರ್ರಿ, 50 ಮಿಲಿ ಲೀಟರ್, ಮಧ್ಯಾಹ್ನದ ಊಟಕ್ಕೆ ಅರ್ಧ ಗಂಟೆ ಮುಂಚೆ.

ಇದು ಯಾವುದೋ ಔಷಧದ ವ್ಯಾಪಾರಿ ಹೆಸರಿರಬೇಕು ಎಂದುಕೊಂಡು ಕಿಸೆಯಲ್ಲಿದ್ದ ಔಷಧ ಕೋಶದಲ್ಲಿ ಹುಡುಕಿದೆ. ಸಿಗಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು ವಾರ್ಡ್ ಸಿಸ್ಟರನ್ನು ಕೇಳಿದೆ. ಆಕೆ ನಕ್ಕು, ಸೊಂಟದ ಬೀಗದ ಕೈಯಿಂದ ಔಷಧದ ಕಪಾಟು ತೆರೆದು ಒಂದು ಬಾಟಲಿ ತೋರಿಸಿದರು. ಕೆಮ್ಮಿನ ಔಷಧ ಮತ್ತು ಮೆಗ್ನೀಸಿಯಾ ಹಾಲಿನ ನಡುವೆ ಅದು ಬಹಳ ಮರ್ಯಾದಸ್ಥನಂತೆ ನಿಂತಿತ್ತು. ಮಧ್ಯಾಹ್ನ ಆಕೆಯೇ ಪುಟ್ಟ ಗ್ಲಾಸಿನಲ್ಲಿ ಅದನ್ನು ಅಳೆದು, ಊಟ ಬಿಟ್ಟಿದ್ದ ಒಬ್ಬ ಅಜ್ಜಿಯ ಪಕ್ಕ ಕೂತು, ಐದು ನಿಮಿಷ ಹರಟೆ ಹೊಡೆದು ಕುಡಿಸಿದರು. ಅಜ್ಜಿ ಅಂದು ಅರ್ಧ ತಟ್ಟೆ ಊಟ ಮಾಡಿದರು.

ನಾನು ಬೆಳೆದ ಮನೆಯಲ್ಲಿ 'ಕುಡಿತ' ಎಂಬ ಮಾತನ್ನು ಮಕ್ಕಳೆದುರು ಆಡುತ್ತಿರಲಿಲ್ಲ. ಅಂಥವನಿಗೆ ಆ ಕಪಾಟು ಮರೆಯಲಾಗದ ನೋಟ. ನಿವೃತ್ತನಾದ ಮೇಲೆ ಪುರುಸೊತ್ತು ಸಿಕ್ಕಿತು; ಆ ಬಾಟಲಿ ಅಲ್ಲಿಗೆ ಹೇಗೆ ಬಂತು ಎಂದು ಓದತೊಡಗಿದೆ. ಈ ಲೇಖನ ಆ ಓದಿನ ಫಲ. ಕೊನೆಯಲ್ಲಿ ನನ್ನದೇ ಒಂದು ತಪ್ಪಿನ ಕಥೆಯೂ ಇದೆ. ಅದನ್ನು ಹೇಳಬೇಕೆಂದೇ ಈ ಸಲದ ಸಂಚಿಕೆಗೆ ಈ ವಿಷಯ ಆರಿಸಿಕೊಂಡೆ.

ಒಂದೇ ತಾಯಿಯ ಎರಡು ಮಕ್ಕಳು

ಊಟಕ್ಕೆ ಮುಂಚೆ, ಹಸಿವು ಕೆರಳಲೆಂದು ಕುಡಿಯುವ ಪಾನೀಯಕ್ಕೆ ಯುರೋಪಿನಲ್ಲಿ 'ಅಪೆರಿಟಿಫ್' ಎನ್ನುತ್ತಾರೆ. ಲ್ಯಾಟಿನ್ನಿನ 'ಅಪೆರೀರೆ', ಅಂದರೆ 'ತೆರೆ' ಎಂಬ ಕ್ರಿಯಾಪದ ಇದರ ಮೂಲ. ಇದೇ ಮೂಲದಿಂದ ಹುಟ್ಟಿದ ಇನ್ನೊಂದು ಪದ ನಮ್ಮ ವೈದ್ಯ ವಿದ್ಯಾರ್ಥಿಗಳಿಗೆಲ್ಲ ಗೊತ್ತು: 'ಅಪೇರಿಯೆಂಟ್', ಅಂದರೆ ಭೇದಿ ಮಾಡಿಸುವ ಔಷಧ. ಒಂದು ಮೇಲಿನ ಬಾಗಿಲು ತೆರೆಯುತ್ತದೆ, ಇನ್ನೊಂದು ಕೆಳಗಿನ ಬಾಗಿಲು! ತಮಾಷೆಯಂತೆ ಕಂಡರೂ ಇದರಲ್ಲಿ ಚರಿತ್ರೆಯಿದೆ. ಹಳೆಯ ಯುರೋಪಿನ ವೈದ್ಯರ ಪ್ರಕಾರ ದೇಹದ ನಾಳಗಳಲ್ಲಿ ರಸಗಳು ಕಟ್ಟಿಕೊಳ್ಳುವುದೇ ರೋಗ. ಕಟ್ಟಿದ್ದನ್ನು ತೆರೆಯುವುದೇ ಚಿಕಿತ್ಸೆ. 'ತೆರೆಯುವ' ಮದ್ದುಗಳ ಈ ಗುಂಪಿನಿಂದಲೇ ಅಪೆರಿಟಿಫ್ ಎಂಬ ಮಾತು ಊಟದ ಮೇಜಿಗೆ ಬಂತು.

ನಮಗೆ ಇದು ಹೊಸ ವಿಚಾರವೇನಲ್ಲ. ಆಯುರ್ವೇದದಲ್ಲಿ ಜಠರಾಗ್ನಿಯನ್ನು ಉರಿಸುವ ದ್ರವ್ಯಗಳಿಗೆ 'ದೀಪನ' ಎಂಬ ಹೆಸರಿದೆ. ನಮ್ಮಜ್ಜ ಊಟಕ್ಕೆ ಕೂರುವ ಮುಂಚೆ ಹಸಿಶುಂಠಿಯ ಚೂರಿಗೆ ಉಪ್ಪು ಹಚ್ಚಿಕೊಂಡು ಅಗಿಯುತ್ತಿದ್ದರು. ಇನ್ನು ಅರಿಷ್ಟ, ಆಸವಗಳ ಮಾತು. ಬಾಣಂತಿಗೆ ದಶಮೂಲಾರಿಷ್ಟ, ಸೊರಗಿದವರಿಗೆ ದ್ರಾಕ್ಷಾರಿಷ್ಟ ಕೊಡದ ಮನೆ ನಮ್ಮ ಕಡೆ ಅಪರೂಪ. ಬೆಲ್ಲ ಅಥವಾ ದ್ರಾಕ್ಷಿಯ ಸಿಹಿಗೆ ಧಾತಕಿ ಹೂವು ಸೇರಿಸಿ ಹುದುಗಲು ಬಿಟ್ಟಾಗ ಅದರಲ್ಲಿ ತಾನಾಗಿ ಮದ್ಯಸಾರ ಹುಟ್ಟುತ್ತದೆ. ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ಅದನ್ನು ಬರೆದಿರುತ್ತಾರೆ. ಆದರೆ ನಮ್ಮಜ್ಜಿಯ ಮುಂದೆ ಯಾರಾದರೂ ಅದನ್ನು ಮದ್ಯ ಎಂದಿದ್ದರೆ ಮನೆಯಿಂದ ಹೊರಗೆ ಹಾಕುತ್ತಿದ್ದರು. ಅದು ಮದ್ದು, ಅಷ್ಟೆ. ಮುಂದಿನ ಕಥೆಗೆ ಈ ಮಾತು ನೆನಪಿರಲಿ.

ಬಲ ತುಂಬಿದ ವೈನ್ ಎಂದರೇನು?

ದ್ರಾಕ್ಷಿರಸ ಹುದುಗುವಾಗ ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರ ಮಾಡುತ್ತದೆ. ಸಾಮಾನ್ಯ ವೈನ್‌ನಲ್ಲಿ ಇದು ಶೇಕಡಾ 11ರಿಂದ 14ರಷ್ಟು. ಇಷ್ಟು ಬಲದ ವೈನ್ ಗಾಳಿಗೆ ತೆರೆದಿಟ್ಟರೆ ಬ್ಯಾಕ್ಟೀರಿಯಾಗಳ ದೆಸೆಯಿಂದ ಹುಳಿಯಾಗಿ ವಿನೆಗರ್ ಆಗುತ್ತದೆ. ಅದಕ್ಕೆ ಬಟ್ಟಿ ಇಳಿಸಿದ ದ್ರಾಕ್ಷಿ ಸಾರವನ್ನು ಬೆರೆಸಿ ಶೇಕಡಾ 15ರಿಂದ 20ರವರೆಗೆ ಏರಿಸಿದರೆ ಕೆಡಿಸುವ ಜೀವಾಣುಗಳಿಗೆ ಬದುಕುವುದು ಕಷ್ಟ. ಹಡಗಿನಲ್ಲಿ ತಿಂಗಳುಗಟ್ಟಲೆ ತೂಗಾಡಿದರೂ ತಡೆಯುತ್ತದೆ. ಹೀಗೆ ಬಲ ತುಂಬಿದ ಬಿಳಿ ವೈನ್‌ಗಳಲ್ಲಿ ಹೆಚ್ಚು ಹೆಸರಾದದ್ದು ಷೆರ್ರಿ.

ಷೆರ್ರಿಯ ಊರು ಸ್ಪೇನಿನ ದಕ್ಷಿಣ ತುದಿಯ ಹೆರೆಸ್. ಕಾಡಿಸ್ ಬಂದರಿನ ಹತ್ತಿರ. ಅರಬರ ಆಳ್ವಿಕೆಯಲ್ಲಿ ಆ ಊರಿಗೆ 'ಶರೀಶ್' ಎಂಬ ಹೆಸರಿತ್ತು. ಅದೇ ಇಂಗ್ಲಿಷರ ಬಾಯಲ್ಲಿ 'ಷೆರ್ರಿ' ಆಯಿತು. ಕುಡಿತ ನಿಷಿದ್ಧವಾದ ಧರ್ಮದವರು ಇಟ್ಟ ಹೆಸರು ಒಂದು ವೈನ್‌ಗೆ ಅಂಟಿಕೊಂಡಿತು. ಬಟ್ಟಿ ಇಳಿಸುವ ಪಾತ್ರೆಗೆ ಸ್ಪೇನಿನವರು ಹೇಳುವ 'ಅಲಂಬಿಕ್' ಎಂಬ ಮಾತು ಕೂಡ ಅರಬ್ಬಿಯಿಂದಲೇ ಬಂದದ್ದು. 1264ರಲ್ಲಿ ಕ್ಯಾಸ್ಟೀಲಿನ ದೊರೆ ಹತ್ತನೆಯ ಅಲ್ಫಾನ್ಸೋ ಊರನ್ನು ಗೆದ್ದುಕೊಂಡ. ಹೆಸರು ಮಾತ್ರ ಉಳಿಯಿತು.

ಅಲ್ಲಿನ ಮಣ್ಣು ಸುಣ್ಣದಂತೆ ಬೆಳ್ಳಗಿದೆ. ಚಳಿಗಾಲದ ಮಳೆನೀರನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಬಳ್ಳಿಗೆ ಕೊಡುತ್ತದೆ. ಪಲೋಮಿನೋ ಎಂಬ ಬಿಳಿ ದ್ರಾಕ್ಷಿ ಅಲ್ಲಿನ ಮುಖ್ಯ ಬೆಳೆ. ವೈನ್ ಹುದುಗಿದ ಮೇಲೆ ಅದನ್ನು ಶೇಕಡಾ 15ಕ್ಕೆ ಏರಿಸಿ ಪೀಪಾಯಿಗೆ ತುಂಬುತ್ತಾರೆ. ಆರರಲ್ಲಿ ಒಂದು ಭಾಗ ಖಾಲಿ ಬಿಡುತ್ತಾರೆ. ಆ ಗಾಳಿಯಲ್ಲಿ ವೈನಿನ ಮೇಲೆ ಯೀಸ್ಟಿನ ಬಿಳಿ ಕೆನೆ ಕಟ್ಟುತ್ತದೆ. ಸ್ಪೇನಿನವರು ಅದನ್ನು 'ಫ್ಲೋರ್', ಹೂವು, ಎನ್ನುತ್ತಾರೆ. ಈ ಕೆನೆ ವೈನಿಗೆ ಗಾಳಿ ತಾಗದಂತೆ ಕಾಯುತ್ತದೆ. ತೆಳು ಹೊಂಬಣ್ಣದ, ಸಿಹಿಯೇ ಇಲ್ಲದ 'ಫೀನೋ' ಹುಟ್ಟುವುದು ಹೀಗೆ. ಶೇಕಡಾ 17 ದಾಟಿಸಿದರೆ ಕೆನೆ ಬದುಕುವುದಿಲ್ಲ. ಗಾಳಿ ತಾಗಿದ ವೈನ್ ಕಂದಾಗಿ 'ಒಲೊರೋಸೋ' ಎನಿಸಿಕೊಳ್ಳುತ್ತದೆ. ಎರಡು ಅಂಶಗಳ ವ್ಯತ್ಯಾಸದಲ್ಲಿ ಎರಡು ಬೇರೆಯೇ ಪಾನೀಯಗಳು.

ಹಣ್ಣಾಗಿಸುವ ಕ್ರಮವೂ ಸ್ವಾರಸ್ಯವಾಗಿದೆ. ಹಳೆಯ ವೈನಿನ ಪೀಪಾಯಿಗಳಿಂದ ಒಂದಿಷ್ಟು ಮಾತ್ರ ತೆಗೆದು, ಅಷ್ಟನ್ನೇ ಅದಕ್ಕಿಂತ ಎಳೆಯ ವೈನಿನಿಂದ ತುಂಬುತ್ತಾರೆ. ಅದನ್ನು ಇನ್ನೂ ಎಳೆಯದರಿಂದ. ಯಾವ ಪೀಪಾಯಿಯನ್ನೂ ಪೂರ್ತಿ ಖಾಲಿ ಮಾಡುವುದಿಲ್ಲ. ನಮ್ಮ ಮನೆಗಳಲ್ಲಿ ನಿನ್ನೆಯ ಮೊಸರು ಇಂದಿನ ಹಾಲಿಗೆ ಹೆಪ್ಪಾಗುವಂತೆ, ಅಲ್ಲಿ ಹಳೆಯದು ಹೊಸದಕ್ಕೆ ಗುಣ ಕಲಿಸುತ್ತದೆ. ಈ ಪದ್ಧತಿಗೆ 'ಸೊಲೇರಾ' ಎಂದು ಹೆಸರು.

ಕೊಳ್ಳೆಯ ಸರಕು, ನಾಟಕದ ಮದ್ದು

1587ರಲ್ಲಿ ಸರ್ ಫ್ರಾನ್ಸಿಸ್ ಡ್ರೇಕ್ ಕಾಡಿಸ್ ಬಂದರಿಗೆ ನುಗ್ಗಿ ಸ್ಪೇನಿನ ಹಡಗುಗಳನ್ನು ಸುಟ್ಟ. ಆಗ ಅವನ ಕೈಗೆ ಸುಮಾರು 2,900 ಪೀಪಾಯಿ ವೈನ್ ಸಿಕ್ಕಿತೆಂದು ಹೇಳುತ್ತಾರೆ. ಆ ಕಾಲದಲ್ಲಿ ಇದಕ್ಕೆ ಇಲ್ಲಿ 'ಸ್ಯಾಕ್' ಎಂಬ ಹೆಸರು. ಇಂದಿನ ಫೀನೋಗೂ ಅದಕ್ಕೂ ರುಚಿಯಲ್ಲಿ ಹೋಲಿಕೆಯಿಲ್ಲ.

ಹತ್ತು ವರ್ಷದ ಮೇಲೆ ಷೇಕ್ಸ್‌ಪಿಯರ್ ತನ್ನ 'ನಾಲ್ಕನೆಯ ಹೆನ್ರಿ' ನಾಟಕದ ಎರಡನೆಯ ಭಾಗದಲ್ಲಿ ಫಾಲ್‌ಸ್ಟಾಫ್ ಎಂಬ ಹೊಟ್ಟೆಬಾಕನ ಬಾಯಲ್ಲಿ ಸ್ಯಾಕಿನ ಹೊಗಳಿಕೆ ಹಾಡಿಸಿದ. ವೈದ್ಯನಾಗಿ ಓದಿದರೆ ಆ ಭಾಷಣ ಬೇರೆಯೇ ಆಗಿ ಕಾಣುತ್ತದೆ. ಸ್ಯಾಕ್ ತಲೆಗೇರಿ ಮಿದುಳಿನ ಮಂಕು ಆವಿಗಳನ್ನು ಒಣಗಿಸುತ್ತದಂತೆ; ತಣ್ಣಗೆ ಕೂತ ರಕ್ತವನ್ನು ಬಿಸಿ ಮಾಡುತ್ತದಂತೆ; ಬಿಳಿಚಿದ ಯಕೃತ್ತು ಹೇಡಿತನದ ಗುರುತಾದ್ದರಿಂದ ಅದಕ್ಕೂ ಇದೇ ಮದ್ದಂತೆ. ಪಾತ್ರ ಕುಡುಕನದು, ಮಾತು ಮಾತ್ರ ಆ ಕಾಲದ ವೈದ್ಯಶಾಸ್ತ್ರದ್ದು. ಕುಡಿಯುವವನಿಗೆ ಕಾರಣ ಬೇಕಾದಾಗ ಅವನು ವೈದ್ಯನ ಮಾತನ್ನು ಎರವಲು ಪಡೆಯುತ್ತಾನೆ. ನಾನೂರು ವರ್ಷಗಳಲ್ಲಿ ಇದು ಬದಲಾಗಿಲ್ಲ.

ವೈದ್ಯರ ಸೀಸೆಯಲ್ಲಿ

ಕುಡುಕನ ನೆಪ ಎಂದು ಇದನ್ನು ತಳ್ಳಿಹಾಕುವಂತೆಯೂ ಇಲ್ಲ. ವೈದ್ಯರೇ ವೈನನ್ನು ನಿಜವಾಗಿ ಬಳಸುತ್ತಿದ್ದರು. ಅದಕ್ಕೆ ರಸಾಯನದ ಕಾರಣವೂ ಇತ್ತು. ಗಿಡಮೂಲಿಕೆಯ ಎಷ್ಟೋ ಸಾರಗಳು ಬರೀ ನೀರಿಗಿಂತ ಮದ್ಯಸಾರ ಬೆರೆತ ನೀರಿನಲ್ಲಿ ಚೆನ್ನಾಗಿ ಕರಗುತ್ತವೆ, ಕೆಡದೆ ಉಳಿಯುತ್ತವೆ. ಹದಿನೇಳನೆಯ ಶತಮಾನದ ಲಂಡನ್ನಿನ ದೊಡ್ಡ ವೈದ್ಯ ಥಾಮಸ್ ಸಿಡೆನ್‌ಹ್ಯಾಮ್ ತನ್ನ ಹೆಸರಾಂತ ಲಾಡನಮ್ ತಯಾರಿಸಿದ್ದು ಅಫೀಮು, ಕೇಸರಿ, ದಾಲ್ಚಿನ್ನಿ, ಲವಂಗಗಳನ್ನು ಸ್ಪೇನಿನ ವೈನಿನಲ್ಲಿ ನೆನೆಸಿ. ಅದೇ ಕಾಲದ ರಾಬರ್ಟ್ ಟಾಲ್ಬೋರ್ ಎಂಬಾತ ತನ್ನ ಗುಟ್ಟಿನ ಮದ್ದಿನಿಂದ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಯ ಜ್ವರ ಬಿಡಿಸಿದ. ಮುಂದೆ ಫ್ರಾನ್ಸಿನ ದೊರೆಯ ಮಗನದನ್ನೂ ಬಿಡಿಸಿದ. 1681ರಲ್ಲಿ ಆತ ಸತ್ತ ಮೇಲೆ ಗುಟ್ಟು ಬಯಲಾಯಿತು: ವೈನಿನಲ್ಲಿ ನೆನೆಸಿದ ಸಿಂಕೋನಾ ತೊಗಟೆ. ಮಲೇರಿಯಾಕ್ಕೆ ಕ್ವಿನೈನ್ ಬರುವುದೂ ಅದೇ ತೊಗಟೆಯಿಂದ. 1860ರ ದಶಕದಲ್ಲಿ ಬ್ರಿಟಿಷರು ಆ ಮರವನ್ನು ನೀಲಗಿರಿಯ ದೊಡ್ಡಬೆಟ್ಟದ ಇಳಿಜಾರಿನಲ್ಲಿ ನೆಟ್ಟರು.

1864ರಲ್ಲಿ ಬ್ರಿಟಿಷ್ ಫಾರ್ಮಕೋಪಿಯಾದ ಮೊದಲ ಆವೃತ್ತಿ ಬಂತು. ಷೆರ್ರಿಗೆ ಅದರಲ್ಲಿ ಲ್ಯಾಟಿನ್ ಹೆಸರಿನೊಂದಿಗೆ ಅಧಿಕೃತ ಸ್ಥಾನ: 'ವೀನಮ್ ಜೆರಿಕಮ್'. ಇಪಿಕಾಕ್, ಕಾಲ್ಚಿಕಮ್‌ಗಳಂಥ ಔಷಧಗಳನ್ನು ಕರಗಿಸುವ ದ್ರವ ಅದು. ಅದಕ್ಕೆ ಕೆಲವು ವರ್ಷ ಮುಂಚೆ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ರಾಬರ್ಟ್ ಬೆಂಟ್ಲಿ ಟಾಡ್ ಜ್ವರದ ರೋಗಿಗಳಿಗೆ ರಕ್ತ ತೆಗೆಯುವುದನ್ನು ಬಿಟ್ಟು ಬ್ರಾಂದಿ ಕುಡಿಸಬೇಕೆಂದು ವಾದಿಸುತ್ತಿದ್ದರು. ಮೂರ್ಛೆರೋಗದ ನಂತರ ತಾತ್ಕಾಲಿಕವಾಗಿ ಕೈಕಾಲು ಸೋಲುವುದಕ್ಕೆ 'ಟಾಡ್ಸ್ ಪೆರಾಲಿಸಿಸ್' ಎಂದು ಓದಿದ್ದೇವಲ್ಲ, ಆ ಟಾಡ್ ಇವರೇ. ರಕ್ತ ತೆಗೆಸಿಕೊಳ್ಳುವುದಕ್ಕಿಂತ ಬ್ರಾಂದಿ ವಾಸಿ ಎಂಬುದನ್ನು ಒಪ್ಪಬಹುದೇನೋ. ಆದರೆ ಮದ್ಯವೇ ಚಿಕಿತ್ಸೆ ಎಂಬ ನಂಬಿಕೆ ಹೀಗೆ ಬಲವಾಯಿತು.

ಷೆರ್ರಿಯ ದಾಯಾದಿ ವರ್ಮೂತ್‌ನದೂ ಇದೇ ದಾರಿ. ಅದು ಬಲ ತುಂಬಿದ ವೈನಿಗೆ ಕಹಿ ಮೂಲಿಕೆಗಳನ್ನು ಸೇರಿಸಿ ಮಾಡಿದ್ದು. 1786ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಅಂತೋನಿಯೋ ಬೆನೆದೆತ್ತೋ ಕಾರ್ಪಾನೋ ಬಿಳಿ ವೈನಿನಿಂದ ಮಾಡಿ ಮಾರಿದ್ದು ಇಂದಿನ ವರ್ಮೂತ್‌ಗೆ ಮೊದಲು ಎನ್ನುತ್ತಾರೆ. ಸಿಹಿ ಕಡಿಮೆಯ ಬಿಳಿ ವರ್ಮೂತನ್ನು 1813ರಲ್ಲಿ ರೂಪಿಸಿದವನು ಫ್ರಾನ್ಸಿನ ಜೋಸೆಫ್ ನ್ವಾಯಿ. ಹೆಸರು ಬಂದದ್ದು ಜರ್ಮನ್ನಿನ 'ವೆರ್ಮೂಟ್' ಎಂಬ ಗಿಡದಿಂದ; ಹೊಟ್ಟೆಹುಳಕ್ಕೆ ಕೊಡುತ್ತಿದ್ದ ಕಹಿ ಗಿಡ, ಆರ್ಟಿಮೀಸಿಯಾ ಕುಲದ್ದು. ಮಲೇರಿಯಾಕ್ಕೆ ಇಂದು ಕೊಡುವ ಆರ್ಟಿಮಿಸಿನಿನ್ ಬಂದದ್ದೂ ಇದೇ ಕುಲದ ಇನ್ನೊಂದು ಗಿಡದಿಂದ. ಹೂಮಾಲೆಗೆ ಪರಿಮಳ ಸೇರಿಸುವ ನಮ್ಮ ದವನವೂ ಅದೇ ಕುಲದ್ದೆಂದು ತಿಳಿದಾಗ ನನಗೆ ಬಹಳ ಸಂತೋಷವಾಯಿತು. ಬೆಂಗಳೂರಿನ ಹೂವಿನ ಮಾರುಕಟ್ಟೆಯ ದವನಕ್ಕೂ ಟ್ಯೂರಿನ್ನಿನ ಬಾಟಲಿಗೂ ನೆಂಟಸ್ತಿಕೆ!

ಒಬ್ಬ ವೈದ್ಯನ ಪತ್ರ

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಮಧ್ಯಮವರ್ಗದ ಮನೆಗಳಲ್ಲಿ ಷೆರ್ರಿ ಗೌರವದ ಗುರುತಾಯಿತು. ಪಾದ್ರಿ ಬಂದರೆ ಷೆರ್ರಿ, ವಕೀಲ ಬಂದರೆ ಷೆರ್ರಿ. 1873ರಲ್ಲಿ ಹೆರೆಸ್‌ನಿಂದ ಸುಮಾರು 68,000 ಪೀಪಾಯಿ ಹೊರದೇಶಗಳಿಗೆ ಹೋಯಿತು; ಅದರಲ್ಲಿ ಹೆಚ್ಚಿನ ಪಾಲು ಇಲ್ಲಿಗೇ. ಬೇಡಿಕೆ ಏರಿದಂತೆ ಕಲಬೆರಕೆಯೂ ಏರಿತು. ಆಲೂಗಡ್ಡೆಯಿಂದ ಬಟ್ಟಿ ಇಳಿಸಿದ ಸಾರಕ್ಕೆ ಬಣ್ಣ, ಸಕ್ಕರೆ ಬೆರೆಸಿದ್ದು ಕೂಡ ಜರ್ಮನಿಯ ಹ್ಯಾಂಬರ್ಗ್‌ನಿಂದ 'ಷೆರ್ರಿ' ಎಂಬ ಹೆಸರಿನಲ್ಲಿ ಬರುತ್ತಿತ್ತು.

ಆ 1873ರಲ್ಲೇ ಲಂಡನ್ನಿನಲ್ಲಿ ನೆಲೆಸಿದ್ದ ಜರ್ಮನ್ ಮೂಲದ ವೈದ್ಯ ಯೊಹಾನ್ ಲುಡ್ವಿಗ್ ವಿಲ್‌ಹೆಲ್ಮ್ ಥುಡಿಕಮ್ 'ದ ಟೈಮ್ಸ್' ಪತ್ರಿಕೆಗೆ ಬರೆದು ಷೆರ್ರಿಯ ಮೇಲೆ ದಾಳಿ ಮಾಡಿದರು. ಈತ ಸಾಮಾನ್ಯ ಮನುಷ್ಯನಲ್ಲ. ಮಿದುಳಿನ ರಸಾಯನಶಾಸ್ತ್ರಕ್ಕೆ ಅಡಿಪಾಯ ಹಾಕಿದವರು. ನಮ್ಮ ಮೊದಲ ವರ್ಷದ ಬಯೋಕೆಮಿಸ್ಟ್ರಿಯಲ್ಲಿ ಕಾಡಿದ ಸ್ಫಿಂಗೋಸಿನ್ ಎಂಬ ಹೆಸರು, ಸ್ಫಿಂಕ್ಸಿನ ಒಗಟನ್ನು ನೆನೆದು, 1884ರಲ್ಲಿ ಇವರೇ ಇಟ್ಟದ್ದು. ಹಿಂದಿನ ವರ್ಷವಷ್ಟೇ ವೈನಿನ ಬಗ್ಗೆ ದಪ್ಪ ಗ್ರಂಥವೊಂದನ್ನೂ ಜೊತೆಗಾರರೊಬ್ಬರೊಂದಿಗೆ ಬರೆದಿದ್ದರು.

ಅವರ ಆಕ್ಷೇಪಣೆಗಳಲ್ಲಿ ಮುಖ್ಯವಾದದ್ದು ಜಿಪ್ಸಮ್. ಹೆರೆಸ್‌ನವರು ದ್ರಾಕ್ಷಿ ತುಳಿಯುವಾಗ ಅದರ ಮೇಲೆ ಜಿಪ್ಸಮ್ ಪುಡಿ ಉದುರಿಸುವುದು ಹಳೆಯ ವಾಡಿಕೆ. ಜಿಪ್ಸಮ್ ದ್ರಾಕ್ಷಿಯಲ್ಲಿರುವ ಟಾರ್ಟರ್ ಲವಣದೊಂದಿಗೆ ಸೇರಿ ರಸದ ಹುಳಿಯನ್ನು ಹೆಚ್ಚಿಸುತ್ತದೆ, ವೈನ್ ಕೆಡದಂತೆ ಕಾಯುತ್ತದೆ. ಆದರೆ ವೈನಿನಲ್ಲಿ ಪೊಟ್ಯಾಸಿಯಮ್ ಸಲ್ಫೇಟ್ ಉಳಿಯುತ್ತದೆ. ಆ ಲವಣ ಆಗಿನ ಔಷಧಾಲಯಗಳಲ್ಲಿ ಏನಾಗಿತ್ತು ಗೊತ್ತೇ? ಭೇದಿಯ ಮದ್ದು! ಅಪೆರಿಟಿಫ್‌ನೊಳಗೆ ಅದರ ಸೋದರ ಅಪೇರಿಯೆಂಟ್ ಅಡಗಿ ಕೂತಿದ್ದ. ಪ್ರಮಾಣ ಭೇದಿ ಮಾಡಿಸುವಷ್ಟು ಇರಲಿಲ್ಲ. ಆದರೂ ವೈದ್ಯನೊಬ್ಬ ಪತ್ರಿಕೆಯಲ್ಲಿ 'ಇದು ಆರೋಗ್ಯಕ್ಕೆ ಕೆಟ್ಟದ್ದು' ಎಂದ ಮೇಲೆ ಅಳತೆಯ ಮಾತು ಯಾರು ಕೇಳುತ್ತಾರೆ? ಮುಂದಿನ ವರ್ಷಗಳಲ್ಲಿ ವ್ಯಾಪಾರ ಇಳಿಯುತ್ತ ಹೋಯಿತು. ಕಲಬೆರಕೆಯೂ ಬದಲಾದ ರುಚಿಯೂ ಅದಕ್ಕೆ ಕಾರಣವೇ. ಆದರೆ ವೈದ್ಯರ ಮಾತು ಕೊಟ್ಟ ಪೆಟ್ಟು ಸಣ್ಣದಲ್ಲ. 1894ರಲ್ಲಿ ಫಿಲಾಕ್ಸೆರಾ ಎಂಬ ಬೇರುತಿನ್ನುವ ಕೀಟ ಹೆರೆಸ್ ತಲುಪಿ ತೋಟಗಳನ್ನೇ ಒಣಗಿಸಿತು.

ಕೆಡವಿದವರು ವೈದ್ಯರಾದರೆ, ಮತ್ತೆ ಎತ್ತಿದವರೂ ವೈದ್ಯರೇ. 1898ರಲ್ಲಿ 'ದ ಲ್ಯಾನ್ಸೆಟ್' ವೈದ್ಯಪತ್ರಿಕೆ ಷೆರ್ರಿಯ ತಯಾರಿಕೆ ಮತ್ತು ರಾಸಾಯನಿಕ ಗುಣಗಳ ಬಗ್ಗೆ ವಿಶೇಷ ತನಿಖೆ ನಡೆಸಿ ವಿವರವಾದ ವರದಿ ಪ್ರಕಟಿಸಿತು. ವರದಿ ಷೆರ್ರಿಯ ಪರವಾಗಿತ್ತು. ಇಪ್ಪತ್ತೈದು ವರ್ಷಗಳಲ್ಲಿ ಒಂದೇ ಪಾನೀಯ ವೈದ್ಯರ ಬಾಯಲ್ಲಿ ಕೆಟ್ಟದ್ದೂ ಆಯಿತು, ಒಳ್ಳೆಯದೂ ಆಯಿತು. ಎರಡು ಸಲವೂ ಚರ್ಚೆ ನಡೆದದ್ದು ಜಿಪ್ಸಮ್ ಮತ್ತು ಕಲಬೆರಕೆಯ ಬಗ್ಗೆ. ಸೀಸೆಯಲ್ಲಿ ಎಲ್ಲಕ್ಕಿಂತ ಹೆಚ್ಚಿದ್ದ ಮದ್ದು, ಮದ್ಯಸಾರ, ಬಹುಮಟ್ಟಿಗೆ ವಿಚಾರಣೆಯಿಂದ ಪಾರಾಯಿತು.

ಊಟಕ್ಕೆ ಮುಂಚೆ ಎಂಬ ಪದ್ಧತಿ

ವಿಕ್ಟೋರಿಯಾ ರಾಣಿಯ ಕಾಲದ ಔತಣಗಳಲ್ಲಿ ಷೆರ್ರಿಯನ್ನು ಹೆಚ್ಚಾಗಿ ಸೂಪಿನ ಜೊತೆ ಕೊಡುತ್ತಿದ್ದರು. ಅತಿಥಿಗಳು ಬಂದೊಡನೆ, ಊಟಕ್ಕೆ ಕೂರುವ ಮುಂಚೆ, ಕೈಗೊಂದು ಗ್ಲಾಸು ಕೊಡುವ ಪದ್ಧತಿ ಇಲ್ಲಿ ಬೇರೂರಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಎರಡು ಮಹಾಯುದ್ಧಗಳ ನಡುವೆ 'ಷೆರ್ರಿ ಪಾರ್ಟಿ' ಫ್ಯಾಷನ್ ಆಯಿತು. ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಶಿಷ್ಯರಿಗೆ ಷೆರ್ರಿ ಕೊಟ್ಟರು. ಕ್ರಿಸ್‌ಮಸ್ ಹಿಂದಿನ ರಾತ್ರಿ ಮಕ್ಕಳು ಸಾಂಟಾ ತಾತನಿಗೆಂದು ಮಿನ್ಸ್ ಪೈ ಪಕ್ಕ ಷೆರ್ರಿ ಇಟ್ಟರು. ಬೇರೆ ದೇಶದಿಂದ ತರಿಸಿದ ದ್ರಾಕ್ಷಿಯ ಗಟ್ಟಿ ರಸದಿಂದ ಇಲ್ಲೇ ಮಾಡಿದ ಅಗ್ಗದ 'ಬ್ರಿಟಿಷ್ ಷೆರ್ರಿ' ಕೂಡ ಅಂಗಡಿ ತುಂಬಿತು. ಹೆರೆಸ್‌ನವರು ಕೋರ್ಟಿಗೆ ಹೋದರು. 1967ರಲ್ಲಿ ಲಂಡನ್ನಿನ ಹೈಕೋರ್ಟು, ಬರೀ 'ಷೆರ್ರಿ' ಎಂಬ ಹೆಸರು ಹೆರೆಸ್‌ನದೇ, ಆದರೆ ಬಹುಕಾಲ ಬಳಕೆಯಲ್ಲಿರುವ 'ಬ್ರಿಟಿಷ್ ಷೆರ್ರಿ' ಎಂಬ ಹೆಸರು ಇರಲಿ ಎಂದಿತು. ಆ ಹೆಸರು ನಿಂತದ್ದು 1996ರಲ್ಲಿ. ನಾವು ಇಲ್ಲಿಗೆ ಬಂದ ಹೊಸತರಲ್ಲಿ ಮೂಲೆಯಂಗಡಿಯಲ್ಲಿ ಕಂಡ ಅಗ್ಗದ ಬಾಟಲಿಗಳು ಬಹುಶಃ ಅವೇ.

ಹಸಿವು ನಿಜವಾಗಿ ಕೆರಳುತ್ತದೆಯೇ? ಸ್ವಲ್ಪಮಟ್ಟಿಗೆ ಹೌದು. ರಷ್ಯದ ಪಾವ್ಲೋವ್ ನಾಯಿಗಳ ಮೇಲೆ ಪ್ರಯೋಗ ಮಾಡಿ, ಆಹಾರ ಹೊಟ್ಟೆ ಸೇರುವ ಮುಂಚೆಯೇ, ನೋಟ, ವಾಸನೆ, ರುಚಿಗಳಿಂದಲೇ ಜಠರರಸ ಒಸರುತ್ತದೆಂದು ತೋರಿಸಿದರು. ಜೀರ್ಣಕ್ರಿಯೆಯ ಈ ಕೆಲಸಕ್ಕೆ 1904ರಲ್ಲಿ ನೊಬೆಲ್ ಬಂತು. ಬಿಯರ್, ವೈನ್‌ಗಳಂಥ ಕಡಿಮೆ ಬಲದ ಹುದುಗು ಪಾನೀಯಗಳು ಜಠರದ ಆಮ್ಲವನ್ನು ಹೆಚ್ಚಿಸುತ್ತವೆ; ಊಟಕ್ಕೆ ಮುಂಚೆ ಕುಡಿದವರು ಸ್ವಲ್ಪ ಹೆಚ್ಚು ತಿನ್ನುವುದನ್ನೂ ಸಂಶೋಧಕರು ಗಮನಿಸಿದ್ದಾರೆ. ಹಾಗೆಂದರೆ ಆ ಹಿರಿಯ ವೈದ್ಯರ ಔಷಧ ಪಟ್ಟಿ ಪೂರ್ತಿ ಮೂಢನಂಬಿಕೆಯಲ್ಲ. ಆದರೆ ಪಾವ್ಲೋವ್ ಹೇಳಿದ ಇನ್ನೊಂದು ಮಾತಿನ ಅರ್ಥ ನನಗೆ ಬಹಳ ತಡವಾಗಿ ಆಯಿತು: ಹಸಿವಿನ ಆ ಮೊದಲ ರಸ ಒಸರುವುದು ಮನಸ್ಸಿನಿಂದ.

ನನ್ನ ತಪ್ಪು

ಹದಿನೈದು ವರ್ಷಗಳ ಹಿಂದಿನ ಮಾತು. ನಮ್ಮ ಬಳಗದ ಹಿರಿಯರೊಬ್ಬರು ಪತ್ನಿಯನ್ನು ಕಳೆದುಕೊಂಡಿದ್ದರು. ರಾಯರು ಎನ್ನೋಣ. ಯುಗಾದಿ ಸಮಾರಂಭದಲ್ಲಿ ಸಿಕ್ಕಾಗ ಅಂಗಿ ಜೋಲಾಡುತ್ತಿತ್ತು. "ಡಾಕ್ಟ್ರೇ, ಊಟಾನೇ ಸೇರಲ್ಲ. ಒಬ್ಬನಿಗೇ ಏನು ಅಡುಗೆ ಮಾಡ್ಕೊಳ್ಳೋದು?" ಎಂದರು. ಸುತ್ತ ಜನ, ಗದ್ದಲ. ನನಗೆ ಹಳೆಯ ವಾರ್ಡ್ ನೆನಪಾಯಿತು. "ರಾತ್ರಿ ಊಟಕ್ಕೆ ಮುಂಚೆ ಒಂದು ಸಣ್ಣ ಗ್ಲಾಸ್ ಷೆರ್ರಿ ತಗೊಳ್ಳಿ ರಾಯರೇ. ಅದು ಒಂಥರಾ ಔಷಧಾನೇ," ಎಂದೆ. ಅವರು ಜೀವಮಾನದಲ್ಲಿ ಮದ್ಯ ಮುಟ್ಟಿದವರಲ್ಲ. ವೈದ್ಯ ಹೇಳಿದ ಮೇಲೆ ಮುಟ್ಟಿದರು.

ಎಂಟು ತಿಂಗಳ ಮೇಲೆ ಅವರ ಮಗಳ ಫೋನು ಬಂತು. ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಅಡುಗೆಮನೆಯ ಕಪಾಟಿನಲ್ಲಿ ಖಾಲಿ ಬಾಟಲಿಗಳ ಸಾಲು. ಹಾಸಿಗೆಯ ಪಕ್ಕ ನಿದ್ರೆಮಾತ್ರೆ. "ಅಂಕಲ್, ನೀವೇ ಹೇಳಿದ್ರಂತೆ. ಇದು ಕುಡಿತ ಅಲ್ಲ, ಡಾಕ್ಟ್ರು ಬರ್ಕೊಟ್ಟ ಔಷಧ ಅಂತಾರೆ ಅಪ್ಪ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ಮಾಡದ ಕೆಲಸಗಳ ಪಟ್ಟಿ ಉದ್ದವಿದೆ. ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕೇಳಲಿಲ್ಲ. ಸಣ್ಣ ಗ್ಲಾಸ್ ಎಂದರೆ ಎಷ್ಟು ಎಂದು ಹೇಳಲಿಲ್ಲ. ಎಷ್ಟು ದಿನ ಎಂದು ಹೇಳಲಿಲ್ಲ. ದುಃಖದಲ್ಲಿರುವವನಿಗೆ ಹಸಿವಿಲ್ಲದಿರುವುದು ಜಠರರಸದ ಕೊರತೆಯಿಂದಲೇ ಎಂದು ನನಗೆ ಯಾರು ಹೇಳಿದರು? ನನ್ನ ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತಿದ್ದರೆ ಈ ನಾಲ್ಕನ್ನೂ ಕೇಳುತ್ತಿದ್ದೆ. ಸಮಾರಂಭದ ಗದ್ದಲದಲ್ಲಿ, ಹೋಳಿಗೆ ತಟ್ಟೆ ಕೈಯಲ್ಲಿ ಹಿಡಿದು, ಮೂರು ಮಾತಿನಲ್ಲಿ ಮುಗಿಸಿಬಿಟ್ಟೆ.

ಆಸ್ಪತ್ರೆಗೆ ನೋಡಲು ಹೋದಾಗ ಕ್ಷಮೆ ಕೇಳಿದೆ. ಅವರು ನನ್ನ ಕೈ ಹಿಡಿದು, "ಔಷಧ ಅಂದ್ರಲ್ಲ ಡಾಕ್ಟ್ರೇ, ಅದಕ್ಕೆ ಲೆಕ್ಕ ಇಡ್ಲಿಲ್ಲ," ಎಂದರು.

ಲೆಕ್ಕ ಹೀಗಿದೆ. ಶೇಕಡಾ 17.5ರ ಷೆರ್ರಿ 50 ಮಿಲಿ ಲೀಟರಿನಲ್ಲಿ ಒಂದು ಯೂನಿಟ್‌ಗೆ ತುಸು ಕಡಿಮೆ ಮದ್ಯಸಾರವಿದೆ. 75 ಸೆಂಟಿಲೀಟರಿನ ಬಾಟಲಿಯಲ್ಲಿ ಸುಮಾರು 13 ಯೂನಿಟ್. ಈ ದೇಶದಲ್ಲಿ 2016ರಿಂದ ಇರುವ ಸಲಹೆಯಂತೆ ಗಂಡಸಾಗಲಿ ಹೆಂಗಸಾಗಲಿ ವಾರಕ್ಕೆ 14 ಯೂನಿಟ್ ಮೀರಬಾರದು. ಅಂದರೆ ಒಂದು ಬಾಟಲಿ ಹೆಚ್ಚುಕಡಿಮೆ ಇಡೀ ವಾರದ ಮಿತಿ. ನಿದ್ರೆಮಾತ್ರೆಯ ಜೊತೆ ಆದರೆ ಯಾವ ಮಿತಿಯೂ ಸುರಕ್ಷಿತವಲ್ಲ. ಎರಡೂ ಮಿದುಳನ್ನು ಮಂಕಾಗಿಸುತ್ತವೆ, ವಯಸ್ಸಾದವರನ್ನು ಬೀಳಿಸುತ್ತವೆ. ಮದ್ಯಪಾನ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಸಾರಿದೆ. ಷೆರ್ರಿ, ಪೋರ್ಟ್, ವರ್ಮೂತ್, 'ಟಾನಿಕ್ ವೈನ್' ಎಂಬ ಹೆಸರುಗಳು ಇದರಿಂದ ವಿನಾಯಿತಿ ಕೊಡುವುದಿಲ್ಲ.

ನಾನು ಧರ್ಮೋಪದೇಶಕ್ಕೆ ಕೂತಿಲ್ಲ. ಹೆರೆಸ್‌ನ ಬಿಳಿ ಮಣ್ಣು, ಹೂವಿನ ಕೆನೆ, ಹೆಪ್ಪಿನಂತೆ ಸಾಗುವ ಪೀಪಾಯಿಗಳು, ಇವೆಲ್ಲ ಮನುಷ್ಯನ ಜಾಣ್ಮೆಯ ಸುಂದರ ಸಾಧನೆಗಳು. ಕುಡಿಯುವವರು ಅದನ್ನು ರುಚಿಗೆಂದು, ಪಾನೀಯವೆಂದು ತಿಳಿದು, ಅಳೆದು ಕುಡಿಯಲಿ. ನಮ್ಮ ಸಮುದಾಯದ ಬಗ್ಗೆ ನನಗಿರುವ ಚಿಂತೆ ಬೇರೆ. ನಮ್ಮಲ್ಲಿ ಅನೇಕರು ಕುಡಿತವನ್ನು ಕೆಟ್ಟದ್ದೆಂದು ನಂಬಿ ಬೆಳೆದವರು. ಹಾಗಾಗಿಯೇ, ಕುಡಿಯಬೇಕಾದಾಗ ಅದಕ್ಕೆ ಔಷಧದ ಹೆಸರು ಬೇಕಾಗುತ್ತದೆ. ಶೀತಕ್ಕೆ ಬ್ರಾಂದಿ, ಎದೆಗೆ ರೆಡ್ ವೈನ್, ಹಸಿವಿಗೆ ಷೆರ್ರಿ. ಔಷಧ ಎಂದ ಮೇಲೆ ಮನೆಯವರು ಕೇಳುವುದಿಲ್ಲ, ತಾವೂ ಲೆಕ್ಕ ಇಡುವುದಿಲ್ಲ, ವೈದ್ಯರು "ಮದ್ಯ ಸೇವಿಸುತ್ತೀರಾ?" ಎಂದರೆ ಪ್ರಾಮಾಣಿಕವಾಗಿಯೇ "ಇಲ್ಲ" ಎನ್ನುತ್ತಾರೆ. ದಯವಿಟ್ಟು ಹೇಳಿಬಿಡಿ. ಅರಿಷ್ಟ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ.

ರಾಯರ ಸೊಂಟ ಕೂಡಿತು. ನಿದ್ರೆಮಾತ್ರೆಯನ್ನೂ ಷೆರ್ರಿಯನ್ನೂ ಅವರ ವೈದ್ಯರು ನಿಧಾನವಾಗಿ ಬಿಡಿಸಿದರು. ಆಮೇಲೆ ನಾನೂ ನನ್ನ ಹೆಂಡತಿಯೂ ಪ್ರತಿ ಭಾನುವಾರ ಮಧ್ಯಾಹ್ನ ಅವರನ್ನು ಮನೆಗೆ ಕರೆತರುತ್ತಿದ್ದೆವು. ಮೊದಲ ವಾರ ಎರಡು ತುತ್ತು ತಿಂದು ಕೈತೊಳೆದರು. ಮೂರನೆಯ ವಾರ ಹುಳಿ ಇನ್ನೊಂದು ಸಲ ಬಡಿಸಿಕೊಂಡರು. ಆಗ ನನಗೆ ಆ ವಾರ್ಡ್ ಸಿಸ್ಟರ್ ನೆನಪಾದರು. ಆ ಅಜ್ಜಿಗೆ ಹಸಿವು ತಂದದ್ದು 50 ಮಿಲಿ ಲೀಟರ್ ಷೆರ್ರಿಯೇ, ಅಥವಾ ಕೆಲಸ ಬಿಟ್ಟು ಪಕ್ಕದಲ್ಲಿ ಕೂತ ಐದು ನಿಮಿಷವೇ? ಔಷಧ ಪಟ್ಟಿಯಲ್ಲಿ ಷೆರ್ರಿಯ ಹೆಸರು ಮಾತ್ರ ಇತ್ತು.

ಊಟಕ್ಕೆ ಮುಂಚೆ ರಾಯರಿಗೆ ಉಪ್ಪು ಹಚ್ಚಿದ ಶುಂಠಿ ಕೊಡುತ್ತಿದ್ದೆ. ಖಾರಕ್ಕೆ ಮುಖ ಕಿವುಚಿ ಬೈಯುತ್ತಿದ್ದರು; ಆಮೇಲೆ ನನ್ನ ಹೆಂಡತಿಯನ್ನು ಕೂಗಿ, ಇವತ್ತಿನ ಪಲ್ಯ ಏನೆಂದು ಕೇಳುತ್ತಿದ್ದರು.